ಎರಡನೇ ಬದಿಯ ಕೊನೇ ಹಾಡು

ತಾಳವಾಡಿ ಬಸ್‌ಸ್ಟ್ಯಾಂಡಿನ ಹಿಂದೆ ಪ್ರಭುಸ್ವಾಮಿಯ ಮೈಕ್‌ಸೆಟ್ ಅಂಗಡಿ. ಊರು ತಮಿಳುನಾಡಿಗೆ ಸೇರಿದ್ದು, ಹಾಗಾಗಿ ಬೋರ್ಡು ತಮಿಳಿನಲ್ಲಿ, ಬಿಲ್ಲು ತಮಿಳಿನಲ್ಲಿ, ಬೈಗುಳ ಮಾತ್ರ ಅಪ್ಪಟ ಕನ್ನಡದಲ್ಲಿ. ಮದುವೆಯಿರಲಿ, ಸಾವಿರಲಿ, ಎಲೆಕ್ಷನ್ನಿರಲಿ, ಈ ಬೆಟ್ಟದ ಮೇಲೆ ಗಟ್ಟಿಯಾಗಿ ಕೇಳಿಸಬೇಕಾದದ್ದೆಲ್ಲ ಅವನ ಹಾರ್ನಿನಿಂದಲೇ ಕೇಳಿಸಬೇಕು. ಗೆಟ್ಟವಾಡಿಯ ಒಕ್ಕಲು ಮನೆಯವನು. ಹೊಲವನ್ನು ತಮ್ಮನ ಪಾಲಿಗೆ ಬಿಟ್ಟು ವೈರು ಸುತ್ತುತ್ತಾ ಐವತ್ತು ದಾಟಿದವನು. ಅವನಿಗೊಂದು ಹುಚ್ಚಿತ್ತು. ಅದರಿಂದ ಏನಾಯಿತು ಅನ್ನುವುದನ್ನು ಹೇಳುತ್ತೇನೆ, ಕೇಳಿ. ಕೇಳಿದ ಮೇಲೆ ಅವನನ್ನು ಬೈಯಬೇಕೋ ಬೇಡವೋ ನೀವೇ ನೋಡಿಕೊಳ್ಳಿ. ನಾನಂತೂ ಬೈದಾಗಿದೆ.

ಹುಚ್ಚು ಒಂದು ಗ್ರಾಮಫೋನ್ ರೆಕಾರ್ಡಿನದು. ಎಪ್ಪತ್ತೆರಡನೇ ಇಸವಿಯಲ್ಲಿ ಬೆಂಗಳೂರು ದಂಡಿನ ಐದು ಜನ ಹುಡುಗರು ಕೂಡಿ ಮಾಡಿದ ಇಂಗ್ಲಿಷ್ ಹಾಡುಗಳ ತಟ್ಟೆ. ತಂಡದ ಹೆಸರು 'ದಿ ವೆಟ್ ಮ್ಯಾಚಸ್', ಅಂದರೆ ಒದ್ದೆ ಬೆಂಕಿಕಡ್ಡಿಗಳು. ತಟ್ಟೆಯ ಹೆಸರು 'ಟ್ವೆಂಟಿ ಸೆವೆನ್ ಬೆಂಡ್ಸ್', ನಮ್ಮ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳು. ಆ ಹುಡುಗರು ಒಂದು ಬೇಸಗೆಯೆಲ್ಲ ಹಾಸನೂರಿನ ಹತ್ತಿರ ಒಂದು ಬಂಗಲೆಯಲ್ಲಿ ಬಿದ್ದುಕೊಂಡು ಹಾಡು ಕಟ್ಟಿದ್ದರಂತೆ. ಪೇಪರಿನವರು ಒಂದು ಸಾಲು ಬರೆಯಲಿಲ್ಲ, ರೇಡಿಯೋದವರು ಒಂದು ಸಲ ಹಾಕಲಿಲ್ಲ, ತಂಡ ಒಡೆದುಹೋಯಿತು. ಪ್ರಭುಸ್ವಾಮಿಗೆ ಅದು ಸಿಕ್ಕಿದ್ದು ಮೀಸೆ ಮೂಡುವ ವಯಸ್ಸಿನಲ್ಲಿ, ಚಾಮರಾಜನಗರದ ಗುಜರಿ ಅಂಗಡಿಯಲ್ಲಿ. ಕವರಿನ ಮೇಲೆ ನಮ್ಮ ರಸ್ತೆ ಇದೆಯಲ್ಲ ಎಂದು ಕೊಂಡ. ಅಂದಿನಿಂದ ಅದೇ ಅವನ ದೇವರ ಮನೆ.

ಮೊದಲನೇ ಹಾಡು ಶುರುವಾಗುವುದು ಬಸ್ಸು ಗೇರು ಬದಲಿಸಿ ಏರು ಹತ್ತುವ ಹಾಗೆ, ಎರಡು ಗಿಟಾರು ಒಂದರ ಹಿಂದೊಂದು ಏದುತ್ತಾ. ಡ್ರಮ್ಮಿನವನು ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ತಡ. ಅದು ತಪ್ಪಲ್ಲ, ಆ ತಡದಿಂದಲೇ ಹಾಡಿಗೊಂದು ಕುಂಟು ನಡಿಗೆ ಬಂದಿದೆ, ಆ ಕುಂಟೇ ಅದರ ಚೆಂದ ಅನ್ನುವುದು ಪ್ರಭುಸ್ವಾಮಿಯ ವಾದ. ಹಾಡುವವನಿಗೆ ನೆಗಡಿ. ಮೂರನೇ ಹಾಡಿನ ನಡುವೆ ಅವನು ಮೂಗೆಳೆಯುವುದೂ ಕೇಳಿಸುತ್ತದೆ. ಲೋಕವೆಲ್ಲ ತಲೆಯ ಮೇಲೆ ಹೊತ್ತ ತಂಡಗಳಲ್ಲಿ ಇಷ್ಟು ಪ್ರಾಮಾಣಿಕವಾಗಿ ಮೂಗೆಳೆದವರು ಯಾರಾದರೂ ಇದ್ದರೆ ತೋರಿಸಿ ಎಂದು ಅವನು ವಾದಕ್ಕೆ ನಿಲ್ಲುತ್ತಿದ್ದ. ವಾದಕ್ಕೆ ಸಿಕ್ಕವರು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಇಂಗ್ಲಿಷು ಅವನಿಗೆ ಅರ್ಧ ತಿಳಿಯುತ್ತಿತ್ತು, ಹಾಡು ಮಾತ್ರ ಪೂರ್ತಿ ಬಾಯಿಪಾಠ.

ಇವೆಲ್ಲ ಒಂದು ತೂಕವಾದರೆ ಎರಡನೇ ಬದಿಯ ಕೊನೇ ಹಾಡೇ ಒಂದು ತೂಕ. ಸ್ವಲ್ಪ ಹೊತ್ತು ಗಿಟಾರು ನುಡಿದು ನಿಂತುಬಿಡುತ್ತದೆ. ಆಮೇಲೆ ಬರೀ ಒಬ್ಬ ಕಾಡಿನ ಗಂಡಸಿನ ದನಿ, ಸೋಲಿಗರ ಮಾತಿನಲ್ಲಿ. ಅವನು ಒಂದು ಸಾಲು ಹಾಡುತ್ತಾನೆ. ಅದೇ ಸಾಲು ದೂರದಿಂದ, ಇನ್ನೂ ದೊಡ್ಡದಾಗಿ, ತಣ್ಣಗೆ ಹಿಂದಕ್ಕೆ ಬರುತ್ತದೆ. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಹುಡುಗರು ಬರೆದಿದ್ದರು: ಈ ಮಾರ್ದನಿ ಸ್ಟುಡಿಯೋದ ಆಟವಲ್ಲ, ಟೇಪಿನ ದನಿಯನ್ನು ಬೆಟ್ಟದ ಬಂಡೆಗೆ ಕೇಳಿಸಿದೆವು, ಬಂಡೆ ಹಿಂದಕ್ಕೆ ಕೊಟ್ಟಿತು. ಹಾಡಿದವನ ಹೆಸರಿಲ್ಲ. ಕೊನೆಯ ಸಾಲು ಹಿಂದಿರುಗಿ ಬಂದ ಮೇಲೆ ಎಲ್ಲಿಂದಲೋ ಒಂದು ಕೂಗು. ಮಾತೇನೆಂದು ತಿಳಿಯುವುದಿಲ್ಲ. ಕೂಗು ಮುಗಿಯುವ ಮೊದಲೇ ಹಾಡು ಮುಗಿಯುತ್ತದೆ. ಎಷ್ಟು ವರ್ಷ ಕೇಳಿದರೂ ಪ್ರಭುಸ್ವಾಮಿಗೆ ಆ ಜಾಗದಲ್ಲಿ ತೋಳಿನ ಕೂದಲು ನಿಲ್ಲುತ್ತಿತ್ತು.

"ಇಂಥಾ ಮುಗಿಸೋದು ಯಾರ್ಗೆ ಒಳೀತದೆ ಏಳು" ಎಂದು ಹೆಂಡತಿ ಪದ್ಮಶ್ರೀಯನ್ನು ಕೇಳಿದರೆ ಅವಳು ಮುಖ ಸಿಂಡರಿಸುತ್ತಿದ್ದಳು.

"ನಂಗೆ ಆ ಕೂಗು ಕೇಳುದ್ರೆ ಒಲೆ ಮ್ಯಾಲೆ ಏನೋ ಬುಟ್ಟು ಬಂದಂಗಾಯ್ತದೆ. ಮೂಗೆಳೆಯೋನ್ನ ಬೇಕಾದ್ರೆ ದಿನಾ ಕೇಳಿ. ಇದೊಂದ ಮನೇಲಿ ಆಕ್ಬ್ಯಾಡಿ."

ಅವಳ ಮಾತಿಗೆ ಅವನು ಹಾಡನ್ನು ಅಂಗಡಿಗೆ ಸಾಗಿಸಿದ. ಅಲ್ಲಿ ಹಾಕಿದ್ದಾಗ ಒಂದು ಮಧ್ಯಾಹ್ನ ಸಿದ್ದಪ್ಪ ಬಂದ. ಹಾಸನೂರಿನಾಚೆ ಜೇನುಕಲ್ಲು ಎಂಬ ದೊಡ್ಡ ಬಂಡೆ, ಅದರ ಎದುರು ಸೋಲಿಗರ ಪೋಡು. ಪೋಡು ಅಂದರೆ ಅವರ ಹಳ್ಳಿ. ಸಿದ್ದಪ್ಪ ಅಲ್ಲಿಯವನು, ಫಾರೆಸ್ಟ್ ವಾಚರ್. ಟಾರ್ಚು ರಿಪೇರಿಗೆ ಬಂದವನು ಬಾಗಿಲಲ್ಲೇ ನಿಂತು ಕಿವಿಗೊಟ್ಟ.

"ನಮ್ ಬಸವರಾಜು ಯಾವಾಗ ಬಂದಿದ್ದ ನಿಮ್ಮಂಗ್ಡೀಗೆ?" ಎಂದ.

"ಯಾವ ಬಸವರಾಜು? ಇದು ಐವತ್ತು ವರ್ಷದ ಮುಂಚಿನ ತಟ್ಟೆ ಕಣಪ್ಪ."

ಸಿದ್ದಪ್ಪನ ಮುಖದ ಬಣ್ಣ ಇಳಿಯಿತು. "ಆಫ್ ಮಾಡಿ ಸಾಮಿ. ಅಂಗಾರೆ ಇದು ಅವನ ತಾತ. ದೊಡ್ಡಮಾದ. ತಾತನ ಗಂಟ್ಲೇ ಮೊಮ್ಮಗನ್ಗೆ ಬಂದದೆ ಅಂತ ಮುದುಕ್ರೆಲ್ಲ ಏಳ್ತಿದ್ರು, ನಾನು ಇವತ್ತೇ ಕೇಳಿದ್ದು. ಇದು ಅಗ್ಗದ ಪದ. ಅಗ್ಗದ ಮ್ಯಾಲೆ ಬುಟ್ರೆ ಇನ್ನೆಲ್ಲೂ ಆಡಂಗಿಲ್ಲ."

ಪ್ರಭುಸ್ವಾಮಿ ಆಫ್ ಮಾಡಿ ಸ್ಟೂಲು ಎಳೆದು ಕೂರಿಸಿದ. ಸಿದ್ದಪ್ಪ ಹೇಳಿದ್ದಿಷ್ಟು, ಅದು ಹಗ್ಗದ ಹಾಡು. ಜೇನು ಕೀಳುವವನು ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಇಳಿಯುತ್ತಾನೆ. ಮೇಲೆ ಹಗ್ಗ ಹಿಡಿಯುವವನು ಅವನ ಹೆಂಡತಿಯ ಒಡಹುಟ್ಟಿದವನೇ ಆಗಬೇಕು, ಬಾಮೈದ. ಅಕ್ಕತಂಗಿಯ ತಾಳಿ ಕೈಯಲ್ಲಿರುವವನು ನಿದ್ದೆಗಣ್ಣಲ್ಲೂ ಹಗ್ಗ ಬಿಡುವುದಿಲ್ಲ. ಬಂಡೆಯ ಹೊಟ್ಟೆ ಮುಂದಕ್ಕೆ ಚಾಚಿರುವುದರಿಂದ ಇಳಿದವನು ಕಾಣುವುದಿಲ್ಲ, ದನಿಯೊಂದೇ ಗುರುತು. ಜೇನುಹುಳವನ್ನು 'ತಂಗೀ, ತಂಗೀ' ಎಂದು ಓಲೈಸಿ ಹಾಡುವಷ್ಟು ಹೊತ್ತು ಹಗ್ಗ ಬಿಗಿ. ಕಾಲಿಡುವ ಜಾಗ ಸಿಕ್ಕಿದ ಮೇಲೆ ಕೊನೆಯ ಸಾಲು: 'ಕಲ್ಗೆ ಕಾಲೂರ್ದೆ, ಬುಡು ಬಾಮೈದ ಬುಡು.' ಆಗ ಮೇಲಿನವನು ಹಗ್ಗ ಸಡಿಲ ಬಿಡಬೇಕು, ಇಲ್ಲದಿದ್ದರೆ ಗೂಡಿನ ಕಡೆ ಬಾಗಲು ಆಗುವುದಿಲ್ಲ. ಪ್ರಭುಸ್ವಾಮಿ ಆ ಸಾಲನ್ನು ಇಷ್ಟು ವರ್ಷ ಮದುವೆಮನೆಯ ತಮಾಷೆ ಅಂದುಕೊಂಡಿದ್ದ.

"ಬಂಗ್ಲೆ ಐಕ್ಳು ಬಂದು ಕೇಳುದ್ರು ಅಂತ ದೊಡ್ಡಮಾದ ಟೇಪಿನ ಪೆಟ್ಗೆ ಮುಂದೆ ಕೂತು ಆಡ್ಬುಟ್ನಂತೆ. ಬ್ಯಾಡ ಅಂದೋರ್ಗೆ, ಪೆಟ್ಗೆಗೇನು ಕಿವಿ ಅದಾ ಅಂದ್ನಂತೆ. ಅದಾಗಿ ನಾಕು ದಿನಕ್ಕೆ ಕಲ್ಲಿಂದ ಬಿದ್ದು ಸತ್ತ."

"ಅಗ್ಗ ಕಿತ್ತೋಯ್ತಾ?"

"ಅಗ್ಗ ಗಟ್ಟಿಯಾಗೇ ಇತ್ತು. ಇಡಿದಿದ್ದೋನು ಬಾಮೈದ ಜವರ. ಬಾವನೇ ಬುಡು ಅಂತ ಆಡ್ದ, ಅದ್ಕೆ ಬುಟ್ಟೆ ಅಂದ. ಯಾರು ನಂಬ್ತಾರೆ? ಕೈ ಸೋತು ಬುಟ್ಟವ್ನೆ, ಸುಳ್ಳು ಏಳ್ತಾವ್ನೆ ಅಂದ್ರು. ಕುಲದೋರು ಅವನ ಕೈಯಿಂದ ಅಗ್ಗ ಕಿತ್ಕಂಡ್ರು. ಯಾರೂ ಎಣ್ಣು ಕೊಡ್ಲಿಲ್ಲ. ಒಡುಟ್ಟಿದ ಅಕ್ಕ ಕೆಂಪಮ್ಮ ಅವತ್ತಿಂದ ಇವತ್ತಿನ ಗಂಟ ಅವನ ಜೊತೆ ಮಾತಾಡಿಲ್ಲ. ಇಬ್ರೂ ಒಂದೇ ಪೋಡಲ್ಲಿ ಅವ್ರೆ. ಈಗ ಅವಳ ಮೊಮ್ಮಗ ಬಸವರಾಜು ಕಲ್ಲಿಗೆ ಇಳೀತಾನೆ."

"ಈಗಲೂ ಓಯ್ತಾರಾ ಜೇನಿಗೆ?"

"ಓಯ್ತೀವಿ, ಜೇನಿಗೆ ಓಯ್ತೀವಿ ಅಂತ ಅನ್ನಲ್ಲ ಅಷ್ಟೆ. ಅಂದ್ರೆ ಜೇನುಳುಕ್ಕೆ ಕೇಳ್ತದೆ. ಸೌದೆಗೆ ಓಯ್ತೀವಿ ಅಂತೀವಿ. ಆ ತಟ್ಟೆ ಮಾತ್ರ ನಮ್ ಪೋಡ್ಗೆ ತರಬ್ಯಾಡಿ ಸಾಮಿ." ಸಿದ್ದಪ್ಪ ಟಾರ್ಚನ್ನೂ ಮರೆತು ಎದ್ದು ಹೋದ.

ಇಷ್ಟು ಕೇಳಿದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಆ ತಟ್ಟೆಯನ್ನು ಅಟ್ಟದ ಮೇಲೆ ಎಸೆಯುತ್ತಿದ್ದರು. ಇವನೋ, ದನಿಗೆ ಹೆಸರು ಸಿಕ್ಕಿತು ಎಂದು ಕುಣಿದಾಡಿದ. ಬಂಡೆಗೂ ಹೆಸರು ಸಿಕ್ಕಿತ್ತು. ಆ ಮಾರ್ದನಿ ಹುಟ್ಟಿದ ಜಾಗದಲ್ಲೇ ನಿಂತು ಒಂದು ಸಲ ಕೇಳಬೇಕು ಅನ್ನುವ ಆಸೆ ಕಜ್ಜಿಯಂತೆ ಹತ್ತಿತು. ಆಸೆಗೆ ಒಂದು ಒಳ್ಳೆ ಅಂಗಿಯನ್ನೂ ತೊಡಿಸಿದ. ಪಾಪ, ಗಂಡನ ದನಿ ಕೇಳಿ ಆ ಮುದುಕಿ ಕೆಂಪಮ್ಮನಿಗೆ ಐವತ್ತು ವರ್ಷವಾಯಿತು, ನಾನು ಕೇಳಿಸದೆ ಇನ್ಯಾರು ಕೇಳಿಸಬೇಕು? ಹೀಗೆ ತನಗೆ ತಾನೇ ಹೇಳಿಕೊಂಡು, ಸಿದ್ದಪ್ಪ ಕಾಡಿನ ಡ್ಯೂಟಿಗೆ ಹೋಗಿದ್ದ ದಿನವೇ ನೋಡಿ ಹೊರಟ. ಬೇಸಗೆಯ ಕೊನೆ, ಮಳೆ ಇನ್ನೂ ಹಿಡಿದಿರಲಿಲ್ಲ. ಕುಟ್ಟಿಯಾನೆ ಅಂತ ನಾವು ಕರೆಯುವ ಪುಟ್ಟ ಗೂಡ್ಸ್ ಗಾಡಿಗೆ ಪ್ಲೇಯರು, ಬ್ಯಾಟರಿ, ಒಂದು ಚಿಕ್ಕ ಸ್ಪೀಕರು ಹಾಕಿದ. ಹಾರ್ನನ್ನೂ ಹಾಕಿದ.

ಪೋಡು ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಎದುರಿಗೇ ಜೇನುಕಲ್ಲು, ಅದರ ಹೊಟ್ಟೆಯ ಕೆಳಗಿನ ನೆರಳಿನಲ್ಲಿ ಗೂಡುಗಳ ಕಪ್ಪು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಹೆಂಗಸರು, ಮಕ್ಕಳು ಇದ್ದರು. ಕೆಂಪಮ್ಮ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಬಸವರಾಜುವಿನ ಹೆಂಡತಿ ಸುಮ ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ದೂರದಲ್ಲಿ, ಎಲ್ಲ ಗುಡಿಸಲೂ ಮುಗಿದ ಮೇಲೆ, ಒಂದು ಒಂಟಿ ಗುಡಿಸಲ ಮುಂದೆ ಒಬ್ಬ ಮುದುಕ ಬಂಡೆಯ ಕಡೆ ಮುಖ ಮಾಡಿ ಕೂತಿದ್ದ. ಅವನೇ ಜವರ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಗಂಡಸ್ರೆಲ್ಲ ಎಲ್ಲಿ ಕೆಂಪಜ್ಜಿ?" ಎಂದ ಪ್ರಭುಸ್ವಾಮಿ.

"ಸೌದೆಗೆ ಓಗವ್ರೆ."

ಅವನು ತಲೆಯಾಡಿಸಿ ವೈರು ಬಿಚ್ಚಲು ಶುರು ಮಾಡಿದ. ಏನು ಹೇಳೋಣ ಈ ಮನುಷ್ಯನಿಗೆ! ಸಿದ್ದಪ್ಪ ಬಾಯಿಬಿಟ್ಟು ಹೇಳಿದ್ದ ಮಾತು. ಸೌದೆಗೆ ಹೋಗುವುದಕ್ಕೆ ಪೋಡಿನ ಗಂಡಸರೆಲ್ಲ ಯಾಕೆ ಬೇಕು, ಮನೆಯಲ್ಲಿರುವ ಹೆಂಗಸರು ಯಾಕೆ ಅಷ್ಟು ಮೆಲ್ಲಗೆ ಮಾತಾಡುತ್ತಿದ್ದಾರೆ, ಒಂದನ್ನೂ ಯೋಚಿಸಲಿಲ್ಲ. ತಲೆ ಇತ್ತು, ಆದರೆ ಅದು ಪೂರ್ತಿ ಹಾರ್ನನ್ನು ಎತ್ತ ತಿರುಗಿಸಬೇಕು ಅನ್ನುವುದರಲ್ಲಿತ್ತು.

ಮೊದಲು ಚಿಕ್ಕ ಸ್ಪೀಕರಿನಲ್ಲಿ, ಅಂಗಳಕ್ಕಷ್ಟೇ ಕೇಳುವ ಹಾಗೆ, ಒಂದನೇ ಬದಿ ಹಾಕಿದ. ಮಕ್ಕಳು ಕುಣಿದರು. ಕೆಂಪಮ್ಮ ಮೊರ ನಿಲ್ಲಿಸಿ ಕೇಳಿದಳು.

"ಈ ತಮ್ಟೆಯೋನು ಕುಡ್ದವ್ನಾ ಸಾಮಿ? ಇಂದಿಂದೆ ಬತ್ತಾವ್ನೆ."

ಪ್ರಭುಸ್ವಾಮಿಗೆ ಅವಳ ಕಾಲಿಗೆ ಬೀಳಬೇಕು ಅನ್ನಿಸಿತು. ಇಷ್ಟು ವರ್ಷಕ್ಕೆ ಡ್ರಮ್ಮಿನವನ ತಡವನ್ನು ತಾನಾಗಿ ಕಂಡುಹಿಡಿದವಳು ಇವಳೊಬ್ಬಳೇ. ಕವರು ತೋರಿಸಿದ. ಉದ್ದ ಕೂದಲಿನ ಹುಡುಗರನ್ನು ಕಂಡು ಅವಳು ಗುರುತು ಹಿಡಿದಳು, ಇವರು ನಂಗೆ ಬಿಸ್ಕತ್ತು ಕೊಟ್ಟಿದ್ರು ಅಂದಳು. ಅವಳ ಕಣ್ಣು ಒಂದು ಗಳಿಗೆ ಒಂಟಿ ಗುಡಿಸಲ ಕಡೆ ಹೋಗಿ ಹಿಂದಕ್ಕೆ ಬಂತು.

"ಇನ್ನೊಂದು ಪದ ಅದೆ ಅಜ್ಜಿ. ಏನು ಅಂತ ಏಳಲ್ಲ, ನೀನೇ ಕೇಳು" ಎಂದು ಪ್ರಭುಸ್ವಾಮಿ ಎದ್ದ.

ಚಿಕ್ಕ ಸ್ಪೀಕರಿನ ವೈರು ಕಿತ್ತು ಹಾರ್ನಿಗೆ ಹಾಕಿದ. ಹಾರ್ನಿನ ಬಾಯನ್ನು ಜೇನುಕಲ್ಲಿಗೆ ತಿರುಗಿಸಿದ. ಗಿಟಾರು ಬೇಡ ಅಂತ, ಅದು ನಿಂತು ದನಿ ಏಳುವ ಗೆರೆಯನ್ನೇ ಹುಡುಕಿ ಮುಳ್ಳು ಇಟ್ಟ. ಕಣ್ಣು ಮುಚ್ಚಿಕೊಂಡ.

ದೊಡ್ಡಮಾದ ಹಾಡಿದ. ಬಂಡೆ ಅವನ ಸಾಲನ್ನು ಹಿಂದಕ್ಕೆ ಕೊಟ್ಟಿತು. ರೆಕಾರ್ಡಿನೊಳಗಿನ ಮಾರ್ದನಿ ಒಂದು, ಈಗಿನ ಮಾರ್ದನಿ ಒಂದು, ಒಂದರ ಮೇಲೊಂದು ಏರಿ ಬರುತ್ತಿದ್ದವು. ಪ್ರಭುಸ್ವಾಮಿಯ ಕಣ್ಣಲ್ಲಿ ನೀರು ಬಂತು. ಇದಕ್ಕಾಗಿಯೇ ಬದುಕಿದ್ದೆ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಮೊರ ನೆಲಕ್ಕೆ ಬಿದ್ದದ್ದು ಅವನಿಗೆ ಕೇಳಿಸಿತು. ಸಂತೋಷಕ್ಕೆ ಬಿದ್ದಿದೆ ಅಂದುಕೊಂಡ. ಕೆಂಪಮ್ಮ ಏನೋ ಅನ್ನುತ್ತಿದ್ದಳು. ಹಾರ್ನಿನ ಅಬ್ಬರದಲ್ಲಿ ಅದು ಮುಳುಗಿಹೋಯಿತು.

'ಕಲ್ಗೆ ಕಾಲೂರ್ದೆ, ಬುಡು ಬಾಮೈದ ಬುಡು.'

ಯಾರೋ ಅವನ ಅಂಗಿ ಹಿಡಿದು ಎಳೆದರು. ಕಣ್ಣು ಬಿಟ್ಟರೆ ಜವರ. ಒಂಟಿ ಗುಡಿಸಲಿಂದ ಆ ವಯಸ್ಸಿನಲ್ಲಿ ಓಡಿ ಬಂದವನಿಗೆ ಉಸಿರು ಸಿಗುತ್ತಿರಲಿಲ್ಲ.

"ನಿಲ್ಸು ಸಾಮಿ, ಕಲ್ಲಿನ ಮ್ಯಾಲೆ ನಂಜುಂಡ ಅಗ್ಗ ಇಡ್ದವ್ನೆ."

ಅಷ್ಟರಲ್ಲಿ ಹಾರ್ನಿನಿಂದ ಆ ಕೂಗು ಹೊರಟಿತು. ಜವರ ನಿಂತಲ್ಲೇ ಕುಸಿದು ಕೂತ. ಕೈಯಿಂದ ಕಿವಿ ಮುಚ್ಚಿಕೊಂಡು, "ಅದು ನಾನು" ಅಂದ. "ಬಾವಾ ಅಂತ ಕೂಗ್ದೆ."

ಪ್ರಭುಸ್ವಾಮಿ ಮುಳ್ಳು ಎತ್ತಿದ. ಹಾರ್ನು ಸತ್ತಿತು. ಆಮೇಲೆ ಜೇನುಕಲ್ಲಿನಿಂದ ಅದೇ ಕೂಗು ಬಂತು. ಮಾರ್ದನಿ ಎಷ್ಟು ಚೆಂದ ಬಂತು ಅಂದುಕೊಂಡ ಅವನು, ಒಂದೇ ಒಂದು ಗಳಿಗೆ. ಕೂಗು ಇನ್ನೊಂದು ಸಲ ಬಂತು. ಮುಳ್ಳು ಅವನ ಬೆರಳಲ್ಲೇ ಇತ್ತು. ಸುಮ ಕೂಸನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಿದ್ದಳು. ಹಗ್ಗ ಹಿಡಿದ ನಂಜುಂಡ ಅವಳ ಒಡಹುಟ್ಟಿದ ಅಣ್ಣ. ಹಗ್ಗದ ಇನ್ನೊಂದು ತುದಿಯಲ್ಲಿ ಅವಳ ಗಂಡ.

ಆಮೇಲಿನ ಹೊತ್ತನ್ನು ಹೇಗೆ ಹೇಳಲಿ? ಯಾರೂ ಅಳಲಿಲ್ಲ. ಹೆಂಗಸರು ಬಂಡೆಯ ಕಡೆಯ ಕಾಲುದಾರಿಯನ್ನೇ ನೋಡುತ್ತಾ ನಿಂತರು. ಬಂಡೆಯ ಹೊಟ್ಟೆಯಿಂದ ಎದ್ದ ಹುಳಗಳ ಮೊರೆತ ಅಂಗಳದವರೆಗೂ ಕೇಳುತ್ತಿತ್ತು. ಮಕ್ಕಳನ್ನು ಒಳಗೆ ಹಾಕಿ ಕದ ಮುಚ್ಚಿದರು. ಪ್ರಭುಸ್ವಾಮಿಯ ತಲೆಯಲ್ಲಿ ಕವರಿನ ಹಿಂದಿನ ಆ ಸಾಲು ಸುತ್ತುತ್ತಿತ್ತು: ದನಿಯನ್ನು ಬಂಡೆಗೆ ಕೇಳಿಸಿದೆವು. ಆ ಹುಡುಗರೂ ಇಲ್ಲೇ, ಇದೇ ಹೊತ್ತಿನಲ್ಲಿ, ಪೆಟ್ಟಿಗೆಯ ಬಾಯನ್ನು ಅತ್ತ ತಿರುಗಿಸಿದ್ದರು. ಮೇಲೆ ಜವರ ಹಗ್ಗ ಹಿಡಿದಿದ್ದ. ಒಬ್ಬ ಮನುಷ್ಯ ಸತ್ತದ್ದನ್ನು ಅವರು ಗೊತ್ತಿಲ್ಲದೆ ಹಿಡಿದು ತಟ್ಟೆಗೆ ಹಾಕಿದ್ದರು. ಅದನ್ನು ಇವನು ವರ್ಷಗಟ್ಟಲೆ ತೋಳಿನ ಕೂದಲು ನಿಲ್ಲಿಸಿಕೊಂಡು ಕೇಳಿದ್ದ. ಅವನು ಹಾರ್ನಿನ ಬಾಯನ್ನು ನೆಲಕ್ಕೆ ತಿರುಗಿಸಿದ.

ಕತ್ತಲು ಕವಿಯುವಾಗ ಗಂಡಸರು ಬಂದರು. ಕಂಬಳಿಯಲ್ಲಿ ಬಸವರಾಜುವನ್ನು ಹೊತ್ತು ತಂದಿದ್ದರು. ಮುಖವೆಲ್ಲ ಹುಳ ಕಚ್ಚಿ ಊದಿತ್ತು, ತೊಡೆಯ ಮೂಳೆ ಮುರಿದಿತ್ತು, ಜೀವ ಇತ್ತು. ಬಂಡೆಯ ಬಿರುಕಿನಲ್ಲಿ ಬೆಳೆದ ಗೋಣಿಮರವೊಂದು ನಡುವೆ ತಡೆದು, ಹಗ್ಗ ಅದಕ್ಕೆ ಸಿಕ್ಕಿಕೊಂಡು ಉಳಿಸಿತ್ತಂತೆ.

ನಂಜುಂಡ ನೆಟ್ಟಗೆ ಕೆಂಪಮ್ಮನ ಮುಂದೆ ಬಂದು ನಿಂತ. ಓಡುವ ಹಗ್ಗವನ್ನು ಮತ್ತೆ ಹಿಡಿಯಹೋಗಿ ಎರಡೂ ಅಂಗೈಯ ಚರ್ಮ ಸುಲಿದುಹೋಗಿತ್ತು.

"ಅಜ್ಜಿ, ಬಾವನೇ ಬುಡು ಅಂತ ಆಡ್ದ. ನನ್ ಕಿವೀಲಿ ಕೇಳ್ದೆ. ಅದ್ಕೆ ಬುಟ್ಟೆ."

"ನಾನಿನ್ನೂ ತಂಗೀ ಸಾಲಲ್ಲೇ ಇದ್ದೆ ಕಣ್ಲಾ" ಎಂದು ಕಂಬಳಿಯೊಳಗಿನಿಂದ ಬಸವರಾಜು ನರಳಿದ. "ಕಾಲೂರೇ ಇರ್ಲಿಲ್ಲ."

ಕೆಂಪಮ್ಮ ನಂಜುಂಡನ ಕೈ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಯಾರಿಗೂ ಹೇಳದ ಹಾಗೆ ಹೇಳಿದಳು: "ಅವತ್ತೂ ಆ ಐಕ್ಳು ಬಂದು, ನಿಮ್ಮನೆಯೋನು ಎಲ್ಲಿ ಅಂದ್ರು. ಸೌದೆಗೆ ಓಗವ್ನೆ ಅಂದೆ. ನಾನೇ ಅಂದೆ."

ಪ್ರಭುಸ್ವಾಮಿ ಬ್ಯಾಟರಿ ಕೆಳಗಿಳಿಸಿ, ಬಸವರಾಜುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಡಲು ಸಿದ್ಧನಾದ. ಸುಮ, ನಂಜುಂಡ ಹಿಂದೆ ಹತ್ತಿದರು. ಜವರ ಕುಸಿದ ಜಾಗದಿಂದ ಎದ್ದಿರಲಿಲ್ಲ. ಪ್ಲೇಯರಿನಿಂದ ತಟ್ಟೆಯನ್ನು ತಾನೇ ತೆಗೆದು, ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಅದರ ಅಂಚನ್ನು ಹಿಡಿದಿದ್ದ ಅವನ ಅಂಗೈಗಳಲ್ಲಿ ಹಗ್ಗದ ಹಳೆಯ ಗಾಯದ ಗುರುತು, ಬೆರಳಗಲ, ಬಿಳಿಚಿಕೊಂಡು ಹೊಳೆಯುತ್ತಿತ್ತು. ಐವತ್ತು ವರ್ಷದಲ್ಲಿ ಒಂದು ಸಲ ಆ ಕೈಯನ್ನು ಯಾರಾದರೂ ತಿರುಗಿಸಿ ನೋಡಿದ್ದರೆ ಸಾಕಿತ್ತು.

"ಬಾವ ಇದ್ರೊಳಗವ್ನೆ ಸಾಮಿ" ಎಂದ ಜವರ. "ನಾನೂ ಇವ್ನಿ."

ಪ್ರಭುಸ್ವಾಮಿ ತಟ್ಟೆಯನ್ನು ಕೇಳಲಿಲ್ಲ. ಕವರನ್ನೂ ಅವನ ಪಕ್ಕದಲ್ಲಿ ಇಟ್ಟು ಬಂದು ಗಾಡಿ ಸ್ಟಾರ್ಟ್ ಮಾಡಿದ. ತಿರುಗಿಸುವಾಗ ದೀಪದ ಬೆಳಕು ಅಂಗಳದ ಮೇಲೆ ಹಾದುಹೋಯಿತು. ಕೆಂಪಮ್ಮ ತಮ್ಮನ ಮುಂದೆ ನೆಲದ ಮೇಲೆ ಕೂತಿದ್ದಳು. ಅವನ ಒಂದು ಕೈ ಅವಳ ಕೈಯಲ್ಲಿತ್ತು.

"ಉಂಡ್ಯಾಲಾ ಜವರ?" ಎಂದು ಕೇಳುತ್ತಿದ್ದಳು.

"ಇಲ್ಲ ಕಣಕ್ಕ" ಎಂದ ಅವನು.